ಉಲಿ ಮಾರ್ಕು, ಹಾನೆ ಮಾರ್ಕು, ನವಿಲು ಮಾರ್ಕು

ರಂಗಿಗೆ ಒಂದು ಅಭ್ಯಾಸವಿತ್ತು. ಬೀದಿಯಲ್ಲಿ ನಡೆಯುವಾಗ ಗೋಡೆಯ ಮೇಲೆ ಏನು ಬರೆದಿದ್ದರೂ ಅದನ್ನು ತುಟಿಯಲ್ಲೇ ಓದಿಕೊಂಡು ಹೋಗುತ್ತಿದ್ದಳು. ದನಿ ಹೊರಡುತ್ತಿರಲಿಲ್ಲ, ತುಟಿ ಮಾತ್ರ ಅಲ್ಲಾಡುತ್ತಿತ್ತು. ನಿನ್ನೆ ಓದಿದ್ದನ್ನೇ ಇವತ್ತೂ ಓದುವಳು, ಇವತ್ತು ಓದಿದ್ದನ್ನೇ ನಾಳೆಯೂ. ಯಾರಾದರೂ ಎದುರಿಗೆ ಬಂದರೆ ತಟಕ್ಕನೆ ಬಾಯಿ ಮುಚ್ಚಿ, ಸೆರಗಿನ ತುದಿ ನೋಡುತ್ತ ದಾಟಿಬಿಡುವಳು.

ಇದು ಯಾವ ಕಾಲದ ಮಾತು ಅಂದರೆ, ಬೆಟ್ಟಗಳಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ಅಂಗಡಿಗಳಿಗೆ ಮಾತ್ರ ಆಗಲೇ ಹೆಸರಿಟ್ಟಾಗಿತ್ತು, ಆ ಕಾಲದ್ದು. ಕಡಲ ದಂಡೆಯಲ್ಲಿ ಚಿತ್ತಾರಪಟ್ಟಣ ಎಂಬ ರಾಜ್ಯ. ಆ ರಾಜ್ಯದಲ್ಲಿ ಬರಿಗೋಡೆ ಅನ್ನುವುದೇ ಇರಲಿಲ್ಲ. ಗಿಳಿ ಮಾರ್ಕು ಕಾಡಿಗೆ, ಬೀಗ ಮಾರ್ಕು ಕಷಾಯ, ಮೀನು ಮಾರ್ಕು ದೀಪದೆಣ್ಣೆ, ಹೀಗೆ ಗೋಡೆಗೊಂದು ಚಿತ್ರ, ಚಿತ್ರಕ್ಕೊಂದು ಮಾತು. ಮಧ್ಯಾಹ್ನದ ಬಿಸಿಲಿಗೆ ಗೋಡೆಯ ಮೇಲಿನ ಹುಲಿ ಒಮ್ಮೆ ಆಕಳಿಸುತ್ತಿತ್ತು, ಗಿಳಿ ರೆಕ್ಕೆ ಬದಲಿಸಿ ಕೂರುತ್ತಿತ್ತು. ಅದಕ್ಕೆ ಯಾರೂ ಬೆರಗಾಗುತ್ತಿರಲಿಲ್ಲ.

ಈ ಸಾಮಾನುಗಳಲ್ಲಿ ಅರ್ಧಕ್ಕರ್ಧ ಏಳು ಕಡಲಾಚೆಯ ಪಡುವಣ ನಾಡಿನಿಂದ ಹಡಗಿನಲ್ಲಿ ಬರುತ್ತಿದ್ದವು. ಆಮೇಲೆ ಯಾಕೋ ಹಡಗು ಬರುವುದು ನಿಂತಿತು. ಸಾಮಾನು ಮುಗಿಯಿತು, ಗೋಡೆಯ ಮಾತು ಉಳಿಯಿತು. ರಂಗಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಆ ಗೋಡೆಗಳೇ. ಮೂಸದ ಸಾಬೂನಿನ ಪರಿಮಳ, ಕುಡಿಯದ ಶರಬತ್ತಿನ ತಂಪು. ಅವುಗಳ ಮುಂದೆ ನಿಂತರೆ ಎಂದೂ ನೋಡದ ನೆಂಟರ ಮನೆ ನೆನಪಾದ ಹಾಗೆ ಎದೆ ಭಾರವಾಗುತ್ತಿತ್ತು.

ಪಟ್ಟಣದ ಹೆಚ್ಚಿನ ಗೋಡೆಗಳನ್ನು ಬರೆದವನು ರಂಗಿಯ ಅಪ್ಪ, ಕುಂಚದ ಸಿದ್ದಯ್ಯ. ಸೀಮೆಸುಣ್ಣ ಹಚ್ಚಿದ ದಾರವನ್ನು ಗೋಡೆಗೆ ಬಿಗಿಹಿಡಿದು ಒಮ್ಮೆ ಮಿಡಿದರೆ ಗೆರೆ ಮೂಡುತ್ತಿತ್ತು; ಆ ಗೆರೆಯ ಮೇಲೆ ಅಕ್ಷರಗಳು ಬಾತುಕೋಳಿಗಳಂತೆ ಸಾಲಾಗಿ ಬಂದು ನಿಲ್ಲುತ್ತಿದ್ದವು. ಸಿದ್ದಯ್ಯನ ಕೈ ಬಂಗಾರ, ಕಾಗುಣಿತ ಮಾತ್ರ ಕಗ್ಗಂಟು. ನಾಲಿಗೆ ಹೇಗೋ ಕುಂಚವೂ ಹಾಗೆ. ಹಕಾರ ಇರಬೇಕಾದಲ್ಲಿ ಹಾರಿಹೋಗುವುದು, ಇರಬಾರದಲ್ಲಿ ಬಂದು ಕೂರುವುದು.

"ಏನಯ್ಯಾ ಸಿದ್ದಯ್ಯ, 'ಹಾನೆ ಮಾರ್ಕು' ಅಂತ ಬರೆದಿದ್ದೀಯಲ್ಲ? ಅದು ಆನೆ ಅಲ್ಲವೇನಯ್ಯ?" ಎಂದು ಆಸ್ಥಾನದ ವಿದ್ಯಾಧರ ಪಂಡಿತರು ಒಮ್ಮೆ ಕೇಳಿದ್ದರು.

"ಅದನ್ನೇ ಬರೆದಿರೋದು ಬುದ್ಧಿ. ಹಾನೆ."

"ಆನೆ!"

"ಊಂ, ಹಾನೆ."

ಪಂಡಿತರು ಹಣೆ ಚಚ್ಚಿಕೊಂಡು ಹೋದರು. ಆನೆ ಮಾತ್ರ ಗೋಡೆಯ ಮೇಲೆ ಕಿವಿಯಾಡಿಸುತ್ತ ಸುಖವಾಗಿತ್ತು.

ಹೀಗಿರಲಾಗಿ ಒಂದು ದಿನ ಥಳಕುಮಲ್ಲ ಎಂಬ ಮಾಂತ್ರಿಕ ಆ ರಾಜ್ಯಕ್ಕೆ ಬಂದ. ಜನರ ನೋಟವೇ ಅವನ ಊಟ. ಯಾರಾದರೂ ಅವನ ಕಡೆ ನೋಡುತ್ತಿದ್ದರೆ ಅವನ ಹೊಟ್ಟೆ ತುಂಬುವುದು, ನೋಡದಿದ್ದರೆ ಒಣಗುವನು. ಅವನು ಕೋಟೆಬಾಗಿಲಿಗೆ ಮನೆಯಷ್ಟು ದೊಡ್ಡ ಗಾಜಿನ ಹಲಗೆಯೊಂದನ್ನು ನಿಲ್ಲಿಸಿದ. ರೆಪ್ಪೆ ಬಡಿದಾಗಲೆಲ್ಲ ಅದರಲ್ಲಿ ಹೊಸ ಚಿತ್ರ. ಹಾಲು ತರಲು ಹೋದವರು ಅಲ್ಲೇ ನಿಂತರು, ಹಾಲು ಒಡೆಯಿತು. ಮದುವೆಗೆ ಹೊರಟವರು ಅಲ್ಲೇ ನಿಂತರು, ಮುಹೂರ್ತ ಮೀರಿತು. ಮನೆಗೆ ಬಂದಮೇಲೆ "ಏನು ನೋಡಿದಿರಿ?" ಅಂದರೆ ಒಬ್ಬರಿಗೂ ನೆನಪಿರಲಿಲ್ಲ.

"ಈ ಹಳೇ ಗೋಡೆಗಳು ಕಣ್ಣಿಗೆ ಅಡ್ಡ, ಮಹಾರಾಜ" ಎಂದ ಥಳಕುಮಲ್ಲ. "ಸಾಮಾನೇ ಇಲ್ಲದ ಮೇಲೆ ಅದರ ಹೆಸರು ಯಾಕೆ?"

ಗಾಜಿನಿಂದ ಕಣ್ಣು ಕೀಳಲಾಗದ ರಾಜ "ಊಂ" ಅಂದುಬಿಟ್ಟ.

ಥಳಕುಮಲ್ಲ ಒಮ್ಮೆ ಊದಿದ. ಊರಿಗೆ ಊರೇ ಸುಣ್ಣವಾಯಿತು. ಅಕ್ಷರಗಳೂ ಗಿಳಿ ಮೀನುಗಳೂ ಗೋಡೆ ಬಿಟ್ಟೆದ್ದು, ಹೊಗೆಯ ಎಳೆಗಳಂತೆ ಹಾರಿ ಗಾಜಿನೊಳಗೆ ಇಂಗಿಹೋದವು. ಮೂರು ದೊಡ್ಡ ಗೋಡೆಗಳ ಮೂರು ಪ್ರಾಣಿಗಳು ಮಾತ್ರ ಸುಣ್ಣ ಕೊಡವಿಕೊಂಡು ಕೆಳಗೆ ಜಿಗಿದವು. ಹುಲಿ ಬೆಂಕಿಪೊಟ್ಟಣದ ಬೀದಿಯಲ್ಲಿ, ಆನೆ ಕೆರೆಯ ಏರಿಯ ಮೇಲೆ, ನವಿಲು ಬಂದರಿನಲ್ಲಿ. ತಾವು ಯಾವುದರ ಮಾರ್ಕು ಎಂಬುದೇ ಮರೆತು ಅವು ಹುಚ್ಚಾಗಿ ಅಲೆಯತೊಡಗಿದವು.

ಅದೇ ಗಳಿಗೆಯಲ್ಲಿ ಸಿದ್ದಯ್ಯನ ಬೆರಳ ತುದಿ ಬೆಳ್ಳಗಾಯಿತು. ಮಾರನೆಯ ದಿನ ಮೊಣಕೈವರೆಗೆ ಸುಣ್ಣ. ಮೂರನೆಯ ದಿನ ಅದು ಗಂಟಲಿಗೆ ಬಂತು. "ರಂಗೀ" ಎಂದು ಅರ್ಧ ಕರೆಯುವುದರಲ್ಲಿ ದನಿ ನಿಂತುಹೋಯಿತು. ಬರೆದವನ ಜೀವ ಬರೆದುದರಲ್ಲಿ ಇರುತ್ತದೆ ಎಂದು ಆ ಊರಿನ ಮಕ್ಕಳಿಗೂ ಗೊತ್ತಿತ್ತು. ಸುಣ್ಣ ಕಣ್ಣಿಗೆ ಏರಿದರೆ ಅಪ್ಪನೂ ಒಂದು ಬರಿಗೋಡೆ.

ರಂಗಿ ಓಡಿದಳು. ಅರಮನೆಯ ಬಾಗಿಲಲ್ಲಿ ಜನ ಸೇರಿದ್ದರು. ಹುಲಿಗೆ ಹೆದರಿ ಕೊನೆಗೂ ಗಾಜು ಬಿಟ್ಟೆದ್ದ ರಾಜ ಥಳಕುಮಲ್ಲನನ್ನು ಬೇಡಿಕೊಳ್ಳುತ್ತಿದ್ದ. ಮಾಂತ್ರಿಕ ನಗುತ್ತ ಹೇಳಿದ: "ಅಳಿಸಿದ್ದನ್ನು ಇದ್ದದ್ದು ಇದ್ದ ಹಾಗೆ ಓದಿ ಹೇಳುವವರು ಒಬ್ಬರಿದ್ದರೂ ಸಾಕು, ನಾನು ಗಂಟುಮೂಟೆ ಕಟ್ಟುತ್ತೇನೆ. ಮೂರು ಪ್ರಾಣಿ, ಮೂರು ಗೋಡೆ. ಒಂದಕ್ಷರ ಹೆಚ್ಚಬಾರದು, ಒಂದಕ್ಷರ ತಗ್ಗಬಾರದು. ತಪ್ಪಿದವರು ಗೋಡೆಯ ಸುಣ್ಣವಾಗಲಿ."

ವಿದ್ಯಾಧರ ಪಂಡಿತರು ಶಾಲು ಸರಿಮಾಡಿಕೊಂಡು ಮುಂದೆ ಬಂದರು. ಊರೆಲ್ಲ ಅವರ ಹಿಂದೆ ಬೆಂಕಿಪೊಟ್ಟಣದ ಬೀದಿಗೆ ನಡೆಯಿತು. ಅಲ್ಲಿ ಹುಲಿ ಗೋಡೆಗೆ ಮೈ ತಿಕ್ಕುತ್ತ, "ನಾನು ಯಾವುದರ ಹುಲಿ? ನಾನು ಯಾವುದರ ಹುಲಿ?" ಎಂದು ಗುಡುಗುತ್ತಿತ್ತು.

ಪಂಡಿತರು ಗಂಟಲು ಸರಿಮಾಡಿಕೊಂಡು ಹೇಳಿದರು: "ಹುಲಿ ಮಾರ್ಕು ಬೆಂಕಿಪೊಟ್ಟಣ. ಒಂದೇ ಗೀರಿಗೆ ಹತ್ತುವುದು."

ಹುಲಿ ಅಬ್ಬರಿಸಿತು. ಪಂಡಿತರು ಶಾಲುಸಮೇತ ಗೋಡೆಗೆ ಅಂಟಿಕೊಂಡು ಬೆಳ್ಳನೆಯ ಕಲೆಯಾದರು. ಥಳಕುಮಲ್ಲ ಹೊಟ್ಟೆ ಹಿಡಿದು ನಕ್ಕ. "ಇನ್ಯಾರು?"

ಇನ್ಯಾರೂ ಇಲ್ಲ. ಊರಿನವರೆಲ್ಲ ಆ ಗೋಡೆಯನ್ನು ದಿನಾ ನೋಡಿದ್ದರು, ಓದಿದವಳು ಮಾತ್ರ ಒಬ್ಬಳೇ. ರಂಗಿ ಗುಂಪಿನಿಂದ ಮುಂದೆ ಬಂದಳು. ಅವಳು ಜನರ ಮುಂದೆ ಎಂದೂ ಬಾಯಿ ಬಿಟ್ಟವಳಲ್ಲ. ಅಪ್ಪನ ಬಿಳಿಗಂಟಲು ನೆನಪಾಯಿತು. ತುಟಿ ತಾನಾಗೇ ಅಲ್ಲಾಡಿತು. ಅದರ ಹಿಂದೆ, ಮೆಲ್ಲಗೆ, ದನಿಯೂ ಬಂತು.

"ಉಲಿ ಮಾರ್ಕು ಬೆಂಕಿಪೊಟ್ಟಣ. ಒಂದೇ ಗೀರಿಗೆ ಅತ್ತುವುದು."

ಜನ ಗೊಳ್ಳೆಂದರು. "ಅಯ್ಯೋ, ಅಪ್ಪನಿಗೆ ತಕ್ಕ ಮಗಳು!" "ಬೆಂಕಿಕಡ್ಡಿ ಅಳುತ್ತದಂತೆ ಕಣ್ರೇ!"

ಹುಲಿ ನಗಲಿಲ್ಲ. ಅದರ ಕಣ್ಣು ತುಂಬಿತು. "ಉಲಿ" ಎಂದು ಒಮ್ಮೆ ತನ್ನಲ್ಲೇ ಅಂದುಕೊಂಡಿತು. "ಹೌದು. ನಾನು ಉಲಿ." ಒಂದೇ ನೆಗೆತಕ್ಕೆ ಗೋಡೆ ಹತ್ತಿ ಕುಳಿತುಕೊಂಡಿತು. ಕೆಂಪು, ಹಳದಿ, ಕಪ್ಪು ಪಟ್ಟೆ ಒಂದೊಂದಾಗಿ ಮರಳಿದವು. ನಗು ನಿಂತಿತು.

ಎರಡನೆಯದು ಕೆರೆಯ ಏರಿ. ಆನೆ ಅಲ್ಲಿ ಏರಿಯ ಕಲ್ಲು ಕೀಳುತ್ತಿತ್ತು. ಇನ್ನೆರಡು ಕಲ್ಲು ಕಿತ್ತರೆ ಕೆರೆ ಊರಿನ ಮೇಲೆ. ರಂಗಿ ಹತ್ತಿರ ಹೋಗಿ ಹೇಳಿದಳು. ಆನೆಗೆ ಕೇಳಿಸಲಿಲ್ಲ. ಅದರ ಎರಡೂ ಕಿವಿಗೆ ಸುಣ್ಣ ಗಟ್ಟಿಯಾಗಿ ಮೆತ್ತಿಕೊಂಡಿತ್ತು.

"ಜೋರಾಗಿ ಹೇಳೇ ತಾಯಿ" ಎಂದ ಪಕ್ಕದಲ್ಲಿದ್ದ ಅಗಸರ ಮಾಚಯ್ಯ. "ಆ ಗೋಡೆ ಕೆಳಗೆ ನಾನು ಮೂವತ್ತು ವರ್ಷ ಬಟ್ಟೆ ಒಗೆದಿದ್ದೀನಿ. ಓದೋಕೆ ಬರಲ್ಲವಲ್ಲ, ಏನು ಮಾಡಲಿ. ಕೂಗು!"

"ನಂಗೆ ಕೂಗೋಕೆ ಬರಲ್ಲ ಮಾಮ."

"ಬರೋದೇನು ಬಂತು? ಬಟ್ಟೆ ಬಂಡೆಗೆ ಬಡಿಯಲ್ವಾ, ಹಂಗೆ. ಉಸಿರು ತಗೊಂಡು ಎತ್ತಿ ಹಾಕು."

ರಂಗಿ ಉಸಿರು ತೆಗೆದುಕೊಂಡಳು. ಕಣ್ಣು ಮುಚ್ಚಿದಳು. ಹದಿನೇಳು ವರ್ಷ ತುಟಿಯಲ್ಲೇ ಉಳಿದಿದ್ದ ದನಿಯೆಲ್ಲ ಒಟ್ಟಿಗೆ ಹೊರಟಿತು.

"ಹಾನೆ ಮಾರ್ಕು ಸಾಬೂನು! ಹೊಗೆದಷ್ಟೂ ಬಿಳುಪು!"

ಕೆರೆಯಾಚೆಯ ಗುಡ್ಡ ಕೂಡ "ಹಾನೆ, ಹಾನೆ" ಎಂದಿತು. ಆನೆಯ ಕಿವಿಯ ಸುಣ್ಣ ಬಿರಿದು ಉದುರಿತು. ಅದು ಸೊಂಡಿಲೆತ್ತಿ ಒಮ್ಮೆ ನಮಸ್ಕಾರ ಮಾಡಿ, ಕಿತ್ತ ಕಲ್ಲುಗಳನ್ನು ಮತ್ತೆ ಜೋಡಿಸಿಟ್ಟು, ಗೋಡೆಯೇರಿ ನಿಂತಿತು. ಈ ಸಲ ಯಾರೂ ನಗಲಿಲ್ಲ. ಮಾಚಯ್ಯ ಒಬ್ಬನೇ, "ಒಗೆಯೋದಕ್ಕೆ ಹೊಗೆಯೋದು ಅಂದಿದ್ದಾನಾ ಆಸಾಮಿ? ಅದಕ್ಕೇ ನನ್ನ ಬಟ್ಟೆಗೆಲ್ಲ ಹೊಗೆ ವಾಸನೆ" ಎಂದ.

ಥಳಕುಮಲ್ಲ ಸ್ವಲ್ಪ ತೆಳ್ಳಗಾಗಿದ್ದ. ಜನ ಅವನ ಗಾಜನ್ನು ಬಿಟ್ಟು ರಂಗಿಯನ್ನು ನೋಡುತ್ತಿದ್ದರು.

ಮೂರನೆಯದು ಬಂದರು. ಹಡಗಿಲ್ಲದ ಬಂದರಿನ ಉಪ್ಪು ಹಿಡಿದ ಗೋಡೆಯ ಮೇಲೆ ನವಿಲು ಕಡಲಿನ ಕಡೆ ಮುಖ ಮಾಡಿ ಕುಳಿತಿತ್ತು. ಗರಿಯೆಲ್ಲ ಬೂದಿ. ಅದು ಗುಡುಗಲಿಲ್ಲ, ಕಲ್ಲು ಕೀಳಲಿಲ್ಲ. ಹತ್ತಿರ ಬಂದವರನ್ನು ಒಮ್ಮೆ ತಿರುಗಿ ನೋಡುವುದು, ಅಷ್ಟೇ. ನೋಡಿಸಿಕೊಂಡವರಿಗೆ ಕಾಲು ಕಿತ್ತಿಡಲು ಮನಸ್ಸಾಗುತ್ತಿರಲಿಲ್ಲ.

ಈ ಗೋಡೆ ಸಿದ್ದಯ್ಯ ಬರೆದದ್ದಲ್ಲ. ಕೊನೆಯ ಹಡಗಿಗೂ ಮುಂಚಿನ ಯಾವುದೋ ಹಡಗಿನಲ್ಲಿ ಬಂದಿದ್ದ ಹೆಸರಿಲ್ಲದ ಬರಹಗಾರನದು. ಊರಿನವರು ಸಿದ್ದಯ್ಯನನ್ನು ಮಂಚದ ಸಮೇತ ಅಲ್ಲಿಗೇ ಹೊತ್ತು ತಂದಿದ್ದರು. ಸುಣ್ಣ ಗಲ್ಲ ದಾಟಿತ್ತು. ಕಣ್ಣೆರಡು ಮಾತ್ರ ಕಪ್ಪಗೆ ಮಗಳನ್ನೇ ನೋಡುತ್ತಿದ್ದವು.

ರಂಗಿ ಓದಿದಳು: "ನವಿಲು ಮಾರ್ಕು ಶರಬತ್ತು. ಏಳು ಕಡಲಾಚೆಯ ಸವಿ. ಒಮ್ಮೆ ಕುಡಿದವರು..."

ಅಲ್ಲಿಗೆ ನಿಂತಳು.

"ಆಮೇಲೆ?" ಎಂದ ಥಳಕುಮಲ್ಲ. ದನಿಯಲ್ಲಿ ಜೇನು. "ಹೇಳು ಮಗಳೇ. ವಾಕ್ಯ ಮುಗಿದಿಲ್ಲ. ಕುಡಿದವರು ಏನು?"

ಜನ ತಡೆಯಲಾರದೆ ಒಬ್ಬೊಬ್ಬರೂ ಕೂಗಿದರು.

"ಮರೆಯಲಾರರು ಅನ್ನು ರಂಗಿ!"

"ಅಲ್ಲಲ್ಲ, ಮತ್ತೆ ಮತ್ತೆ ಬರುವರು!"

"ನೂರು ವರ್ಷ ಬಾಳುವರು ಅಂತಿತ್ತು, ನಮ್ಮಜ್ಜಿ ಹೇಳ್ತಿದ್ದಳು. ಹೇಳಿಬಿಡೇ, ನಿಮ್ಮಪ್ಪನ ಕಣ್ಣಿಗೆ ಬಂತು!"

ಸುಣ್ಣ ಸಿದ್ದಯ್ಯನ ಕೆಳರೆಪ್ಪೆ ಮುಟ್ಟಿತ್ತು. ಎಲ್ಲರೂ ಹೇಳಿದ್ದು ಚೆನ್ನಾಗಿಯೇ ಇತ್ತು. ಯಾವುದಾದರೂ ಒಂದನ್ನು ಹೇಳಬಹುದಿತ್ತು. ಆದರೆ ರಂಗಿ ಹುಟ್ಟುವುದಕ್ಕೆ ಮೊದಲೇ ಆ ಗೋಡೆಯ ಆ ಮೂಲೆಯ ಗಾರೆ ಉಪ್ಪುಗಾಳಿಗೆ ಉದುರಿತ್ತು. ದಿನಾ ಅವಳ ತುಟಿ ಅಲ್ಲಿಗೆ ಬಂದು ನಿಲ್ಲುತ್ತಿತ್ತು. ದಿನಾ ಅಲ್ಲಿ ನಿಂತು, ಇಟ್ಟಿಗೆ ನೋಡಿ, ಮುಂದೆ ಹೋಗುತ್ತಿದ್ದಳು. ಇದ್ದದ್ದು ಇದ್ದ ಹಾಗೆ ಅಂದರೆ, ಇಲ್ಲದ್ದು ಇಲ್ಲದ ಹಾಗೆ.

ಅವಳು ಅಪ್ಪನ ಕಣ್ಣು ನೋಡುತ್ತ ಸುಮ್ಮನೆ ನಿಂತಳು. ಊರೆಲ್ಲ ಉಸಿರು ಹಿಡಿಯಿತು. ಅಲೆ ಬಂತು, ಹೋಯಿತು. ಮತ್ತೊಂದು ಬಂತು, ಹೋಯಿತು.

ಮೂರನೆಯ ಅಲೆಗೆ ನವಿಲು ಗರಿ ಬಿಚ್ಚಿತು. ಬೂದಿಯೊಳಗಿಂದ ನೀಲಿ ಮೂಡಿತು. "ಅಷ್ಟೇ" ಎಂದಿತು ಅದು. "ಅಲ್ಲಿಗೆ ಅಷ್ಟೇ ಇದ್ದದ್ದು."

ಕೋಟೆಬಾಗಿಲಲ್ಲಿ ಗಾಜು ಒಡೆದ ಸದ್ದು ಬಂದರಿನವರೆಗೆ ಕೇಳಿಸಿತು. ಅಕ್ಷರಗಳು ಜೇನುಹುಳುಗಳಂತೆ ಗುಂಯ್‌ಗುಟ್ಟುತ್ತ ಬಂದು ತಂತಮ್ಮ ಗೋಡೆ ಹುಡುಕಿ ಕುಳಿತವು. ಗಿಳಿ ಬಂತು, ಮೀನು ಬಂತು, ಬೀಗ ಬಂತು. ಥಳಕುಮಲ್ಲ "ನನ್ನ ನೋಡಿ, ಇತ್ತ ನೋಡಿ" ಎಂದು ಕೂಗಿದ. ಒಬ್ಬರೂ ನೋಡಲಿಲ್ಲ, ಎಲ್ಲರೂ ಗೋಡೆ ಓದುತ್ತಿದ್ದರು. ಅವನು ತೆಳ್ಳಗಾಗಿ, ಇನ್ನೂ ತೆಳ್ಳಗಾಗಿ, ಗಾಳಿಗೆ ಆರುವ ನೀರಿನ ಕಲೆಯಂತೆ ಆರಿಹೋದ.

ಸಿದ್ದಯ್ಯನ ಉಗುರಿನ ಕೆಳಗೆ ಮೊದಲು ಕೆಂಪು ಬಂತು. ಕೈಗೆ ಬಣ್ಣ, ಗಂಟಲಿಗೆ ದನಿ. ಎದ್ದು ಕೂತು ಮಗಳ ತಲೆ ಸವರಿದ.

"ಹೆಷ್ಟು ಜೋರಾಗಿ ಕೂಗಿದೆ ಮಗಾ. ಹಾನೆ ಅಂದಿದ್ದು ಇಲ್ಲಿಗೇ ಕೇಳಿಸ್ತು."

"ನೀನು ಬರೆದ ಹಾಗೇ ಹೇಳಿದೆ ಅಪ್ಪ."

"ಮತ್ತೆ? ಸರಿಯಾಗೇ ಬರೆದಿದ್ದೆ ತಾನೇ."

ಗೋಡೆಯಿಂದ ಬಿಡಿಸಿಕೊಂಡು ಬಂದಿದ್ದ ವಿದ್ಯಾಧರ ಪಂಡಿತರು ಶಾಲಿನ ಸುಣ್ಣ ಝಾಡಿಸುತ್ತ, "ಸರಿಯಾಗಿಯೇ ಇತ್ತಯ್ಯ, ಮಾರಾಯ" ಎಂದರು. ರಾಜ ಅಂದಿನಿಂದ ಪ್ರತಿ ಬೆಳಗ್ಗೆ ಕಾಲ್ನಡಿಗೆಯಲ್ಲಿ ಒಂದು ಬೀದಿ ಓದಿಕೊಂಡು ಬರತೊಡಗಿದ. ಚಿತ್ತಾರಪಟ್ಟಣದಲ್ಲಿ ಹಾಲು ಒಡೆಯಲಿಲ್ಲ, ಮುಹೂರ್ತ ಮೀರಲಿಲ್ಲ. ದೊಡ್ಡವರು ಚಿಕ್ಕವರು ಎಲ್ಲ ಹೊಟ್ಟೆತುಂಬ ಉಂಡು ಕಣ್ತುಂಬ ಓದಿ ಸುಖವಾಗಿದ್ದರು.

ಆ ದಿನ ಜನರೆಲ್ಲ ಸಿದ್ದಯ್ಯನನ್ನು ಮೆರವಣಿಗೆಯಲ್ಲಿ ಕರೆದೊಯ್ದ ಮೇಲೆ ರಂಗಿ ಬಂದರಿನಲ್ಲಿ ಒಂದು ಗಳಿಗೆ ಹಿಂದುಳಿದಳು. ನವಿಲು ಗೋಡೆ ಸೇರಿಯಾಗಿತ್ತು. ಕೊಕ್ಕಿನ ಪಕ್ಕದಲ್ಲೇ ಚಿತ್ರದ ಲೋಟ, ಲೋಟದ ತುಂಬ ಕೆಂಪು ಶರಬತ್ತು. ಕಡಲು ಖಾಲಿಯಾಗಿತ್ತು.

"ರಂಗೀ" ಎಂದಿತು ನವಿಲು, ಯಾರಿಗೂ ಕೇಳಿಸದ ಹಾಗೆ. "ಇಷ್ಟು ವರ್ಷ ಈ ಲೋಟದ ಪಕ್ಕದಲ್ಲೇ ನಿಂತಿದ್ದೇನೆ. ಕೊಕ್ಕು ಅದ್ದುವುದಕ್ಕೆ ಆಗಲಿಲ್ಲ. ಇಲ್ಲಿ ಕುಡಿದವರೆಲ್ಲ ಹೋಗಿಬಿಟ್ಟರು. ಎಲ್ಲಾದರೂ ಒಬ್ಬರು ಉಳಿದಿದ್ದರೆ, ಅವರು ನಿನಗೆ ಸಿಕ್ಕರೆ, ಹೇಗಿತ್ತು ಅಂತ ಕೇಳಿ, ಬಂದು ನನಗೆ ಹೇಳುತ್ತೀಯಾ?"