ಅಕ್ಕಿ ಆರಿಸುವ ಹುಡುಗಿ

ಶನಿವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಬೋಗಾದಿಯ ಸಮುದಾಯ ಗ್ರಂಥಾಲಯದೊಳಗೆ ಅದನ್ನು ನೋಡಿಕೊಳ್ಳುವ ಸುಷ್ಮಿತಾ ಕಿರುಚಿದಳು. 'ಇಲ್ಲಿ ಗಟ್ಟಿಯಾಗಿ ಮಾತನಾಡಬಾರದು' ಎಂದು ಬರೆದು ಗೋಡೆಗೆ ಅಂಟಿಸಿದ್ದವಳೂ ಅವಳೇ.

ಮಕ್ಕಳ ಕಪಾಟು ಬಾಯಿ ತೆರೆದು ನಿಂತಿತ್ತು. ಗುರುವಾರ ಬಂದ ಇಪ್ಪತ್ತೆರಡು ಹೊಸ ಪುಸ್ತಕಗಳು ಇರಲಿಲ್ಲ. ಮರುದಿನ ಬೆಳಿಗ್ಗೆ ಹತ್ತಕ್ಕೆ 'ಬೇಸಿಗೆ ಓದು' ಶುರುವಾಗಬೇಕು. ಮೂವತ್ತೈದು ಮಕ್ಕಳು ಹೆಸರು ಕೊಟ್ಟಿದ್ದಾರೆ.

ಅವಳ ಹಿಂದೆಯೇ ಒಳಗೆ ಬಂದಿದ್ದವರು ಮಂಜುಳಮ್ಮ. ನಿವೃತ್ತ ಹೆಡ್ ಕಾನ್‌ಸ್ಟೇಬಲ್. ದಿನಾ ಮೂರಕ್ಕೆ ಪೇಪರ್ ಓದಲು ಬರುವವರು. ಇಲಾಖೆ ಅವರನ್ನು ಮನೆಗೆ ಕಳಿಸಿ ಮೂರು ವರ್ಷವಾಗಿತ್ತು. ಅವರ ಅನುಮಾನಗಳಿಗೆ ಮಾತ್ರ ಯಾರೂ ನಿವೃತ್ತಿಯ ಹಾರ ಹಾಕಿರಲಿಲ್ಲ.

"ಏನೂ ಮುಟ್ಬ್ಯಾಡ ಕಣಮ್ಮ," ಎಂದರು. "ಯಾವಾಗ ಬೀಗ ಆಕ್ದೆ?"

"ಒಂದು ಗಂಟೆಗೆ, ಆಂಟಿ. ಊಟಕ್ಕೆ ಹೋಗುವಾಗ."

"ಕಪಾಟಿನ ಕೀ?"

"ಗಡಿಯಾರದ ಹಿಂದೆ."

ಅದೊಂದು ಗುಟ್ಟು. ಬೋಗಾದಿಗೆಲ್ಲ ಗೊತ್ತಿದ್ದ ಗುಟ್ಟು. ಹಿಂಬಾಗಿಲ ಚಿಲಕ ಹೊರಗಿನಿಂದ ಕೈ ತೂರಿಸಿದರೆ ಸರಿಯುತ್ತದೆ ಎಂಬುದು ಇನ್ನೊಂದು. ಬೆರಳಚ್ಚಿನ ಮಾತೇ ಬೇಡ. ಆ ಕಪಾಟಿನ ಮೇಲೆ ಬಡಾವಣೆಯ ಅಷ್ಟೂ ಮಕ್ಕಳ ಬೋಂಡಾ ಎಣ್ಣೆ ಇತ್ತು.

ಮಂಜುಳಮ್ಮ ಕಪಾಟಿನೊಳಗೆ ಇಣುಕಿದರು. ಹಣೆ ಗಂಟಾಯಿತು.

ಹೊಸ ಪುಸ್ತಕಗಳನ್ನು ಸುಷ್ಮಿತಾ ಬೇರೆಯಾಗಿ ಜೋಡಿಸಿರಲಿಲ್ಲ. ಹಳೆಯವುಗಳ ನಡುವೆ, ನಂಬರಿನ ಪ್ರಕಾರ, ಅಲ್ಲೊಂದು ಇಲ್ಲೊಂದು ಇಟ್ಟಿದ್ದಳು. ಕಳ್ಳ ಒಂದೊಂದನ್ನೇ ಹೆಕ್ಕಿದ್ದ. ಆದರೆ ಗೋಕುಲಂನಿಂದ ನಿನ್ನೆ ದಾನ ಬಂದ ಮೂರು ಪುಸ್ತಕಗಳನ್ನು ಬಿಟ್ಟಿದ್ದ. ಕನ್ನಡಿಯ ಹಾಗೆ ಹೊಳೆಯುವ ರಟ್ಟು, ಎಲ್ಲಕ್ಕಿಂತ ದುಬಾರಿ. ಅವುಗಳ ಬದಲಿಗೆ ಮಂಡಿ ಮೊಹಲ್ಲಾದಲ್ಲಿ ಬೈಂಡಿಂಗ್ ಆಗಿ ನಿನ್ನೆಯಷ್ಟೇ ವಾಪಸು ಬಂದ ಒಂದು ಹಳೆಯ ಕಥೆಪುಸ್ತಕ ಹೋಗಿತ್ತು. ಪುಟಗಳೆಲ್ಲ ಹಪ್ಪಳದಂತಾಗಿದ್ದ ಪುಸ್ತಕ.

"ಒಳ್ಳೇದು ಬುಟ್ಟು ಅಳೇದು ಒತ್ಕೊಂಡೋಗವ್ನಲ್ಲ," ಎಂದರು ಮಂಜುಳಮ್ಮ. "ಈ ಕಳ್ಳಂಗೇನು ಕಣ್ಣಿಲ್ವಾ?"

"ಏನಾಯ್ತಮ್ಮ?" ಎಂದು ಬಾಗಿಲಲ್ಲಿ ದನಿ ಕೇಳಿತು.

ವೆಂಕಟಸುಬ್ಬಯ್ಯ ಮೇಷ್ಟ್ರು ಬಂದಿದ್ದರು. ನಿವೃತ್ತ ಕನ್ನಡ ಪಂಡಿತರು. ಹನ್ನೆರಡು ವರ್ಷಗಳಿಂದ ಶನಿವಾರ ಸಂಜೆ ಮಕ್ಕಳಿಗೆ ಕಥೆ ಓದುವವರು; ನಾಳೆಯ ಕಾರ್ಯಕ್ರಮಕ್ಕಾಗಿ ಈ ವಾರ ಕಥೆಗೆ ರಜೆ. ಸೆಖೆಗೋ ಏನೋ, ಹೆಗಲ ಮೇಲೆ ಎಂದಿನ ಬಿಳಿ ಶಲ್ಯ ಇರಲಿಲ್ಲ. ವಿಷಯ ಕೇಳಿ ಕಿಟಕಿ ಪಕ್ಕದ ತಮ್ಮ ಕುರ್ಚಿಯಲ್ಲಿ ಮೆಲ್ಲಗೆ ಕೂತರು.

*

ಗ್ರಂಥಾಲಯ ಸಮಿತಿಯ ಅಧ್ಯಕ್ಷ ಚಂದ್ರಮೌಳಿ ಹತ್ತೇ ನಿಮಿಷದಲ್ಲಿ ಸ್ಕೂಟರಿನಲ್ಲಿ ಬಂದರು. ಹೆಲ್ಮೆಟ್ ತೆಗೆಯದೆಯೇ ತೀರ್ಪು ಕೊಟ್ಟರು.

"ಕೀ ಜವಾಬ್ದಾರಿ ಯಾರದು? ಸುಷ್ಮಿತಾಂದು. ನಾಳೆ ಹತ್ತರೊಳಗೆ ಪುಸ್ತಕ ಬರಬೇಕು. ಇಲ್ಲಾಂದ್ರೆ ಸ್ಟೇಷನ್‌ಗೆ ಕಂಪ್ಲೇಂಟ್. ಹೆಸರು ಸಮೇತ."

"ಸಾರ್, ನನಗೆ ಸರ್ಕಾರಿ ಲೈಬ್ರರಿ ಕೆಲಸ ಆಗಿದೆ. ಮುಂದಿನ ತಿಂಗಳು ಪೊಲೀಸ್ ವೆರಿಫಿಕೇಷನ್," ಎಂದಳು ಸುಷ್ಮಿತಾ. "ಕೇಸಲ್ಲಿ ಹೆಸರು ಬಂದ್ರೆ ಎಲ್ಲಾ ಮುಗೀತು."

"ಅದನ್ನ ಕೀ ಗಡಿಯಾರದ ಹಿಂದೆ ಇಡುವಾಗ ಯೋಚಿಸಬೇಕಿತ್ತು."

ಅವಳು ಅಳತೊಡಗಿದಳು. ಮೇಷ್ಟ್ರ ತುಟಿ ಅಲುಗಿತು. ಮುಖ ಕಿಟಕಿಯತ್ತ ತಿರುಗಿತು.

ಚಂದ್ರಮೌಳಿಯವರಿಗೆ ಪುಸ್ತಕಕ್ಕಿಂತ ಕಾರ್ಯಕ್ರಮದ ಚಿಂತೆ. ಈ ಸಲದ ಹೊಸತನ ಅವರದೇ ಬುದ್ಧಿ. ಒಂದು ಮಗು ಚೀಟಿ ಎತ್ತಬೇಕು. ಯಾವ ಹೊಸ ಪುಸ್ತಕ ಬರುತ್ತದೋ ಅದನ್ನು ಮೇಷ್ಟ್ರು ಅಲ್ಲೇ ಓದಬೇಕು. "ಅದೇ ಹಳೇ ಕಥೆ ಎಷ್ಟು ವರ್ಷ ಕೇಳ್ತಾರ್ರೀ ಮಕ್ಕಳು?" ಎಂದು ಗುರುವಾರವೇ ಹೇಳಿದ್ದರು.

ಅವರ ಸ್ಕೂಟರಿನ ಸದ್ದು ದೂರವಾದ ಮೇಲೆ ಮೇಷ್ಟ್ರು ಬಾಯಿ ಬಿಟ್ಟರು. "ಅಳಬೇಡಮ್ಮ. ಪುಸ್ತಕ ಎಲ್ಲೂ ಹೋಗಿರಲ್ಲ. ಪಾಪ, ಆ 'ಅಕ್ಕಿ ಆರಿಸುವ ಹುಡುಗಿ'ಯನ್ನಾದರೂ ಬಿಟ್ಟಿದ್ದರೆ ಆಗ್ತಿತ್ತು. ಮಕ್ಕಳಿಗೆ ಅನ್ನದ ಬೆಲೆ ತಿಳೀತಿತ್ತು."

ಯಾರೂ ಆ ಮಾತಿಗೆ ಕಿವಿಗೊಡಲಿಲ್ಲ. ಮಂಜುಳಮ್ಮ ಅವರನ್ನು ಗೇಟಿನವರೆಗೆ ಬಿಟ್ಟುಬಂದರು. ಬರಿಗೈಯಲ್ಲಿ ಬಂದಿದ್ದರು, ಬರಿಗೈಯಲ್ಲೇ ಹೋದರು.

*

ಮೊದಲ ಅನುಮಾನ ಗುಜರಿಯವನ ಮೇಲೆ. ಆದರೆ ಬಾಗಿಲ ಬಳಿ ಹಳೆ ಪೇಪರಿನ ರಾಶಿ ಹಾಗೇ ಇತ್ತು. ಗುಜರಿಯವನು ತೂಕ ನೋಡುತ್ತಾನೆಯೇ ಹೊರತು ಕಥೆ ನೋಡುವುದಿಲ್ಲ.

ಎರಡನೆಯದು ಸ್ವರೂಪ್ ಮೇಲೆ. ಗೋಕುಲಂನಲ್ಲಿ ಮಕ್ಕಳ ಬೇಸಿಗೆ ಶಿಬಿರ ನಡೆಸುವವನು. ಗ್ರಂಥಾಲಯದ ಪುಕ್ಕಟೆ ಓದಿನಿಂದ ಅವನ ಶಿಬಿರಕ್ಕೆ ಏಳೆಂಟು ಮಕ್ಕಳು ಕೈತಪ್ಪಿದ್ದರು. ಮಂಜುಳಮ್ಮ ಸ್ಕೂಟಿ ಏರಿ ಹೋದರು.

"ಮೇಡಂ, ಪುಸ್ತಕ ಕದ್ದು ನಾನೇನ್ ಮಾಡ್ಲಿ?" ಎಂದು ಸ್ವರೂಪ್ ಕೈಮುಗಿದ. "ನಮ್ಮ ಶಿಬಿರದಲ್ಲಿ ಓದೋರು ಯಾರಿದ್ದಾರೆ? ಮೂರು ಹೊಸ ಪುಸ್ತಕ ಇದ್ವು. ನಿನ್ನೆ ಅವನ್ನೂ ನಿಮ್ಮ ಲೈಬ್ರರಿಗೇ ಕೊಟ್ಬಂದೆ."

"ಆ ಒಳೆಯೋ ಪುಸ್ತಕ ನಿಂದೇನಾ?"

"ಹೂಂ. ನಮ್ಮಲ್ಲಿ ಊದುಬತ್ತಿ ಪೊಟ್ಟಣದ ಜೊತೆ ಬಿದ್ದಿದ್ವು. ದೇವರ ಕೋಣೆ ವಾಸನೆ ಹೊಡೀತವೆ ಅಂತ ನಮ್ಮ ಮಕ್ಕಳು ಮುಟ್ಟಲಿಲ್ಲ."

ಮಂಜುಳಮ್ಮ ಸ್ಕೂಟಿ ಚಾಲೂ ಮಾಡಿದವರು ಮತ್ತೆ ನಿಲ್ಲಿಸಿದರು. ವಾಸನೆ. ಬೈಂಡಿಂಗ್ ಆದ ಹಳೆಯ ಪುಸ್ತಕಕ್ಕೆ ಹೊಸ ಅಂಟಿನ ವಾಸನೆ. ಈ ಮೂರು ಹೊಸ ಪುಸ್ತಕಕ್ಕೆ ಊದುಬತ್ತಿಯದು.

ಕಳ್ಳ ಪುಸ್ತಕಗಳನ್ನು ನೋಡಿ ಆರಿಸಿರಲಿಲ್ಲ. ಮೂಸಿ ಆರಿಸಿದ್ದ.

*

ಸಂಜೆ ಆರಕ್ಕೆ ಗ್ರಂಥಾಲಯದ ಮೇಜಿನ ಮೇಲೆ ಕಾಣೆಯಾದ ಪುಸ್ತಕಗಳ ಪಟ್ಟಿ ತಯಾರಾಗುತ್ತಿತ್ತು. ಸುಷ್ಮಿತಾ ರಿಜಿಸ್ಟರ್ ನೋಡಿ ಹೆಸರು ಹೇಳುತ್ತಿದ್ದಳು, ಮಂಜುಳಮ್ಮ ಬರೆಯುತ್ತಿದ್ದರು. ಬಾಯಲ್ಲಿ ಬಂದ ಹಾಗೆಯೇ ಪೆನ್ನಿನಲ್ಲೂ ಬರುತ್ತಿತ್ತು.

ಕಣ್ಣೀರಿನ ನಡುವೆಯೂ ಸುಷ್ಮಿತಾಗೆ ನಗು ಬಂತು. "ಆಂಟಿ, ಇದೇನಿದು? 'ಅಕ್ಕಿ ಆರಿಸುವ ಉಡುಗಿ'? ಅದು 'ಹಕ್ಕಿ ಹಾರಿಸುವ ಹುಡುಗಿ'. ಹೀಗೆ ಬರೆದ್ರೆ ಪೊಲೀಸರು ಹೋಗಿ ರೇಷನ್ ಅಂಗಡಿ ಹುಡುಕ್ತಾರೆ."

"ನಾನೂ ಅದ್ನೇ ಅಲ್ವಾ ಏಳಿದ್ದು? ಅಕ್ಕಿ."

"ರಟ್ಟಿನ ಮೇಲೆ ಎಷ್ಟು ಹಕ್ಕಿ ಇತ್ತು ನೋಡಿರ್ಲಿಲ್ವಾ? ಆ ಹುಡುಗಿ ತಾರಸಿ ಮೇಲೆ ನಿಂತು ಗಿಳಿ ಹಾರಿಸ್ತಿರ್ತಾಳೆ. ಅದರಲ್ಲಿ ಒಂದು ಕಾಳು ಅಕ್ಕೀನೂ ಇಲ್ಲ."

ಮಂಜುಳಮ್ಮನ ಪೆನ್ನು ನಿಂತಿತು.

ಅನ್ನದ ಬೆಲೆ, ಎಂದಿದ್ದರು ಮೇಷ್ಟ್ರು.

ಮಂಜುಳಮ್ಮನ ನಾಲಿಗೆಗೆ ಹಕಾರ ಹತ್ತಿದ್ದೇ ಇಲ್ಲ. ನಂಜನಗೂಡಿನ ಕಡೆಯ ಹಳ್ಳಿಯ ನಾಲಿಗೆ. ಅದನ್ನು ತಿದ್ದಲು ಮೇಷ್ಟ್ರು ಮೂರು ವರ್ಷದಿಂದ ಹೆಣಗಿದ್ದರು. "ಹ ಅನ್ನೋದು ಅಕ್ಷರ ಅಲ್ಲ ಮಂಜುಳಮ್ಮ, ಉಸಿರು. ಒಂದು ನಿಟ್ಟುಸಿರು ಬಿಡಿ, ತಾನಾಗೇ ಬರುತ್ತೆ." ಎಫ್‌ಐಆರ್ ಬಿಟ್ಟು ಬೇರೇನೂ ಓದದಿದ್ದ ಹೆಂಗಸಿಗೆ ಕಥೆಯ ರುಚಿ ಹತ್ತಿಸಿದವರೂ ಅವರೇ. ಮಂಜುಳಮ್ಮ ನಿಟ್ಟುಸಿರು ಬಿಟ್ಟಿದ್ದರು, ಹಕಾರ ಬಂದಿರಲಿಲ್ಲ.

ಗುರುವಾರ ಹೊಸ ಪುಸ್ತಕದ ಪೆಟ್ಟಿಗೆ ಬಿಚ್ಚಿದಾಗ ಮೇಷ್ಟ್ರು ಒಂದೊಂದನ್ನೂ ಕೈಗೆತ್ತಿಕೊಂಡಿದ್ದರು. ರಟ್ಟು ಸವರಿದ್ದರು. ಆಮೇಲೆ ಮಂಜುಳಮ್ಮನಿಗೆ ಕೊಟ್ಟು, "ಹೆಸರು ನೀವೇ ಓದಿ, ಅಭ್ಯಾಸ ಆಗಲಿ," ಎಂದಿದ್ದರು. ಸಂಕ್ರಾಂತಿಯಿಂದ ದಿನದ ಪೇಪರನ್ನೂ ಹಾಗೆಯೇ ಓದಿಸುತ್ತಿದ್ದರು. ಮಂಜುಳಮ್ಮ ಅದನ್ನು ಪಾಠ ಅಂದುಕೊಂಡಿದ್ದರು.

'ಉಡುಗಿ'ಯನ್ನು ಮೇಷ್ಟ್ರು 'ಹುಡುಗಿ' ಎಂದು ತಿದ್ದಿಕೊಂಡಿದ್ದರು. 'ಅಕ್ಕಿ ಆರಿಸುವ' ಎಂಬುದರಲ್ಲಿ ತಿದ್ದಲು ಏನೂ ಇರಲಿಲ್ಲ. ಅದಕ್ಕೂ ಅರ್ಥವಿತ್ತು. ರಟ್ಟಿನ ಮೇಲಿನ ಗಿಳಿಗಳನ್ನು ಕಂಡ ಯಾರೂ ಆ ತಪ್ಪು ಮಾಡುತ್ತಿರಲಿಲ್ಲ.

ಮಂಜುಳಮ್ಮ ಎದ್ದರು. ಬರಿಗೈಯಲ್ಲಿ ಹೋದ ಮನುಷ್ಯ. ಕಣ್ಣು ಕಾಣದೆ ಅಷ್ಟೂ ಪುಸ್ತಕ ಹೊತ್ತು ಮೊದಲೇ ಬೀದಿಗಿಳಿದಿರಲಾರರು. ಅಂದರೆ ಪುಸ್ತಕ ಒಳಗೇ ಇರಬೇಕು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಕೈ ಚಾಚಿದರು. ಕೈಗೆ ಸಿಕ್ಕಿದ್ದು ಹಳೆಯ ಸರ್ಕಾರಿ ಗೆಜೆಟ್ಟುಗಳ ಸಾಲು. ಗ್ರಂಥಾಲಯ ಹುಟ್ಟಿದಾಗಿನಿಂದ ಯಾರೂ ಮುಟ್ಟದ ಸಾಲು. ಎರಡನ್ನು ಎಳೆದು ಹಿಂದೆ ನೋಡಿದರು.

ಇಪ್ಪತ್ತಮೂರು ಪುಸ್ತಕ. ಬೆನ್ನು ಒಂದೇ ಸಮ ಜೋಡಿಸಿತ್ತು. ಧೂಳು ಬೀಳದ ಹಾಗೆ ಮೇಲೆ ಒಂದು ಬಿಳಿ ಶಲ್ಯ ಹೊದಿಸಿತ್ತು, ಮಲಗಿದ ಮಗುವಿಗೆ ಹೊದಿಸಿದಂತೆ.

ಮಂಜುಳಮ್ಮ ಗೆಜೆಟ್ಟುಗಳನ್ನು ಮತ್ತೆ ಮುಂದೆ ತಳ್ಳಿದರು.

"ಸಿಕ್ತಾ ಆಂಟಿ?"

"ನಾಳೆ ಸಿಗ್ತವೆ. ಓಗು, ಉಂಡ್ಬುಟ್ಟು ಮಲಿಕ್ಕೊ."

*

ಭಾನುವಾರ ಒಂಬತ್ತಕ್ಕೇ ಮೇಷ್ಟ್ರು ಬಂದರು. ಮಂಜುಳಮ್ಮ ಒಬ್ಬರೇ ಇದ್ದರು. ಪೇಪರನ್ನು ಮೇಷ್ಟ್ರ ಕೈಗಿಟ್ಟರು.

"ಇವತ್ತು ನೀವೇ ಓದಿ ಮೇಷ್ಟ್ರೇ."

"ಕನ್ನಡಕ ಮರೆತು ಬಂದೆ."

"ಮುಖದ ಮೇಲೇ ಐತೆ."

ಮೇಷ್ಟ್ರ ಕೈ ಕನ್ನಡಕಕ್ಕೆ ಹೋಯಿತು. ಅಲ್ಲೇ ನಿಂತಿತು. ಪೇಪರು ಮಡಿಲಿಗೆ ಜಾರಿತು.

"ಯಾವುದರಿಂದ ಗೊತ್ತಾಯ್ತು?"

"ಮೂಸಿ ಆರ್ಸಿದ್ರಿ. ಊದುಬತ್ತಿ ವಾಸ್ನೇದು ಬುಟ್ರಿ. ನಿಮಗೆ ಬಾಯಿಪಾಠ ಬರೋ ಕಥೆಪುಸ್ತಕ ಬೈಂಡಿಂಗ್ ಆಗಿತ್ತಲ್ಲ, ಅದನ್ನೂ ಒಸದು ಅಂತ ಬಚ್ಚಿಟ್ರಿ. ಅದು ಬೈಂಡಿಂಗ್‌ಗೆ ಓದ ಮೂರು ವಾರಾನೂ ನಿಮಗೆ ಗಂಟ್ಲು ನೋವು, ಕಥೆ ಇಲ್ಲ. ಆಗ್ಲೇ ತಿಳೀಬೇಕಿತ್ತು ನಂಗೆ."

"ಅಯ್ಯೋ," ಎಂದರು ಮೇಷ್ಟ್ರು. "ಅದನ್ನೂ ಬಚ್ಚಿಟ್ಟೆನಾ? ಅದೊಂದು ಕೈಯಲ್ಲಿದ್ದರೆ ಇವತ್ತು ಹೇಗೋ ಪಾರಾಗ್ತಿದ್ದೆ."

"ಆದ್ರೆ ಸಿಕ್ಕಾಕಿಸಿದ್ದು ಅದಲ್ಲ. ಅಕ್ಕಿ ಆರಿಸೋ ಉಡುಗಿ. ಅದು ಅನ್ನದ ಕಥೆ ಅಲ್ಲ ಮೇಷ್ಟ್ರೇ. ರೆಕ್ಕೆ ಇರೋ ಅಕ್ಕಿ."

ಮೇಷ್ಟ್ರಿಗೆ ಒಂದು ಗಳಿಗೆ ಹಿಡಿಯಿತು. ಆಮೇಲೆ ನಕ್ಕರು. ನಗುತ್ತಲೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಮೂರು ವರ್ಷ ತಿದ್ದಿದೆ. ಕೊನೆಗೆ ನಿಮ್ಮ ನಾಲಿಗೆ ನನ್ನನ್ನೇ ಹಿಡಿದುಕೊಟ್ಟಿತು."

ಗ್ಲಾಕೋಮಾ ಎಂದಿದ್ದರಂತೆ ಡಾಕ್ಟರು. ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ಉಳಿದಿರುವುದು ಬೆಳಕು, ನೆರಳು. ಮನೆಯಿಂದ ಇಲ್ಲಿಗೆ ಇನ್ನೂರ ಹದಿನೆಂಟು ಹೆಜ್ಜೆ, ಎಣಿಸಿಕೊಂಡು ಬರುತ್ತಿದ್ದರು.

"ಮಗಳಿಗೆ ಹೇಳಿಲ್ಲ. ಕಮಲಂಗೆ ಗೊತ್ತಾದರೆ ಹೊಸಿಲು ದಾಟೋಕೆ ಬಿಡಲ್ಲ. ನನಗೆ ಉಳಿದಿದ್ದು ಈ ಶನಿವಾರ ಒಂದೇ. ಕಾರ್ಯಕ್ರಮ ಒಂದು ಮುಂದಕ್ಕೆ ಹೋಗಲಿ ಅಂತಿದ್ದೆ. ಆಮೇಲೆ ಸಿಗೋ ಹಾಗೆ ಮಾಡ್ತಿದ್ದೆ."

"ಆ ಉಡುಗಿ ಅತ್ತಾಗ ಸುಮ್ಕಿದ್ರಿ."

ಮೇಷ್ಟ್ರು ಮಡಿಲಿನ ಪೇಪರನ್ನು ಮಡಿಚಿದರು. "ಇದ್ದೆ," ಎಂದರು. "ಕಣ್ಣು ಹೋಗಿದ್ದಕ್ಕೆ ನಾಚಿಕೆ ಇತ್ತು. ಈಗ ಅದಕ್ಕಿಂತ ದೊಡ್ಡದು ಇದೆ. ನೀವು ಹೇಳಬೇಡಿ ಮಂಜುಳಮ್ಮ. ನಾನೇ ಹೇಳ್ತೀನಿ."

*

ಹತ್ತು ಗಂಟೆಗೆ ಜಮಖಾನೆ ತುಂಬಿತ್ತು. ಪುಸ್ತಕಗಳು ಮೇಜಿನ ಮೇಲಿದ್ದವು. ಚಂದ್ರಮೌಳಿ ಭಾಷಣದ ಚೀಟಿ ತೆಗೆಯುವ ಮೊದಲೇ ಮೇಷ್ಟ್ರು ಎದ್ದು ನಿಂತರು.

"ಪುಸ್ತಕ ಬಚ್ಚಿಟ್ಟಿದ್ದು ನಾನು. ಸುಷ್ಮಿತಾ ಏನೂ ಮಾಡಿಲ್ಲ. ನನಗೆ ಕಣ್ಣು ಕಾಣಲ್ಲ, ಅದನ್ನು ಮುಚ್ಚಿಡೋಕೆ ಈ ಕೆಲಸ ಮಾಡಿದೆ. ಅವಳು ಅಳೋದು ಕೇಳಿಸ್ಕೊಂಡೂ ಸುಮ್ಮನಿದ್ದೆ. ಅದು ತಪ್ಪು. ನೀವು ಯಾರೂ ಹಾಗೆ ಮಾಡಬಾರದು."

ಚಂದ್ರಮೌಳಿಯವರ ಚೀಟಿ ಜೇಬಿಗೆ ವಾಪಸು ಹೋಯಿತು. ಸುಷ್ಮಿತಾ ಗೋಡೆಗೆ ತಿರುಗಿ ನಿಂತಳು.

ಮುಂದಿನ ಸಾಲಿನಿಂದ ಲಾಸ್ಯ ಎಂಬ ಹುಡುಗಿ ಕೇಳಿದಳು: "ಮತ್ತೆ ತಾತ, ಹೋದ ತಿಂಗಳು ಪುಸ್ತಕ ನೋಡ್ಕೊಂಡು ಓದಿದ್ರಲ್ಲ?"

"ಬಾಯಿಪಾಠ ಕಣಮ್ಮ. ಪುಟ ಸುಮ್ಮನೆ ತಿರುವುತ್ತಿದ್ದೆ."

"ನಂಗೊತ್ತಿತ್ತು. ಚಿತ್ರ ಬರೋದಕ್ಕೆ ಮುಂಚೇನೇ ತಿರುವ್ತಿದ್ರಿ."

ಯಾರೂ ನಗಲಿಲ್ಲ. ಅಪ್ಪನ ಓದು ಕೇಳಲು ಬಂದಿದ್ದ ಕಮಲ ಹಿಂದಿನ ಸಾಲಿನಿಂದ ಎದ್ದು ಬಂದಳು. ಅಪ್ಪನ ಮೊಣಕೈ ಹಿಡಿದಳು. ಹಿಡಿದ ರೀತಿಯಲ್ಲೇ ಎಲ್ಲ ಇತ್ತು. ಇನ್ನು ಮುಂದೆ ಆ ಕೈ ಬಿಡುವುದಿಲ್ಲ. ಇನ್ನೂರ ಹದಿನೆಂಟು ಹೆಜ್ಜೆಯ ಲೆಕ್ಕ ಅಲ್ಲಿಗೆ ಮುಗಿಯಿತು. ಮಂಜುಳಮ್ಮ ಶಲ್ಯದ ಧೂಳು ಕೊಡವಿ ಮೇಷ್ಟ್ರ ಹೆಗಲಿಗೆ ಹಾಕಿದರು. ಮೇಷ್ಟ್ರು ಅದರ ಅಂಚು ಮುಟ್ಟಿ ನೋಡಿಕೊಂಡು ಹೊರಟರು.

ಲಾಸ್ಯ ಚೀಟಿ ಎತ್ತಿದಳು. ಬೇಡವೆಂದರೂ ಅದೇ ಬಂತು.

ಓದುವವರು ಯಾರು? ಚಂದ್ರಮೌಳಿ ಸುಷ್ಮಿತಾಳತ್ತ ನೋಡಿದರು. ಅವಳಿನ್ನೂ ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮಂಜುಳಮ್ಮ ಹೋಗಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಪುಸ್ತಕ ಬಿಡಿಸಿದರು. ರಟ್ಟಿನ ತುಂಬ ಗಿಳಿಗಳು.

"ಅಕ್ಕಿ ಆರಿಸುವ ಉಡುಗಿ," ಎಂದರು.

ಮಕ್ಕಳು ಕಿಸಕ್ಕೆಂದರು. ಮಂಜುಳಮ್ಮ ಅಭ್ಯಾಸಬಲದಿಂದ ತಲೆಯೆತ್ತಿ, ತಿದ್ದುವ ದನಿಗಾಗಿ ಕಾದರು. ಹೊರಗೆ ಕಮಲ ಕರೆಸಿದ್ದ ಆಟೋ ಚಾಲೂ ಆಗಿ, ತಿರುವಿನಲ್ಲಿ ಸದ್ದಡಗಿತು.

ಅವರ ಎದೆಯ ತಳದಿಂದ ಒಂದು ನಿಟ್ಟುಸಿರು ಹೊರಟಿತು.

"ಹಕ್ಕಿ," ಎಂದರು ಮಂಜುಳಮ್ಮ.

ಸ್ಪಷ್ಟವಾಗಿ ಬಂದಿತ್ತು. ಕೇಳಬೇಕಾದವರು ಹೋಗಿಯಾಗಿತ್ತು.