ಎರಡು ಬಂದರು, ಒಂದು ಗೇಣು

ಮೂರನೇ ಸಲ ಬೆಟ್ಟ ಹತ್ತಿಸಿದವನ ಮೇಲೆ ಅವಳಿಗೆ ಸಿಟ್ಟು ಬರಬೇಕಿತ್ತು. ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ಉಳಿದಿರಲಿಲ್ಲ.

ಹೊಳೆಗೆ ಸೇತುವೆ ಬರುವುದಿತ್ತು. ಈ ದಡದ ಸರ್ವೆ ಕಚೇರಿಯಿಂದ ಅವಳು, ಆ ದಡದ ಕಚೇರಿಯಿಂದ ಅವನು. ಬೆಟ್ಟದ ತುದಿಯ ಒಂದೇ ಗುರುತುಕಲ್ಲಿನ ಎತ್ತರವನ್ನು ಇಬ್ಬರೂ ಅಳೆದಿದ್ದರು. ಇಬ್ಬರ ಲೆಕ್ಕಕ್ಕೂ ಒಂದು ಗೇಣು ವ್ಯತ್ಯಾಸ. ಹಾಗೇ ಬಿಟ್ಟರೆ ಸೇತುವೆಯ ಎರಡು ಅರ್ಧಗಳು ನಡುಹೊಳೆಯಲ್ಲಿ ಸೇರದೆ ಮೆಟ್ಟಿಲಾಗುತ್ತಿದ್ದವು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಫೋನಿನಲ್ಲಿ ಕಿತ್ತಾಡಿ, ಕೊನೆಗೆ ಜೊತೆಯಾಗಿ ಅಳೆದರು. ಮೊದಲು ಅವಳ ದಡದಿಂದ, ಆಮೇಲೆ ಅವನ ದಡದಿಂದ. ಗೇಣು ಕದಲಲಿಲ್ಲ.

"ಇನ್ನೊಂದ್ಸಲ ನೋಡೋಣ" ಎಂದಿದ್ದ ಅವನು.

ಅವನು ಅಳತೆಕೋಲು ಹಿಡಿದು ಮೇಲೆ ನಿಂತಿದ್ದ. ಅವಳು ಲೆವೆಲ್ ಯಂತ್ರಕ್ಕೆ ಕಣ್ಣಿಟ್ಟಳು. ಲೆನ್ಸಿನಲ್ಲಿ ಅಂಕಿಗಿಂತ ಮೊದಲು ಅವನ ಬಿಸಿಲಿಗೆ ಕೆಂಪಾದ ಕಿವಿ ಕಂಡಿತು. ಅಲ್ಲೇ ನಿಂತಿತು ಅವಳ ಕಣ್ಣು.

"ಅಂಕಿ ಈ ಕಡೆ ಇದೆ!" ಅವನು ಕೂಗಿದ.

"ಬಿಸಿಲಿಗೆ ಕುಣೀತಿದೆ ಅದು."

"ನಾನೂ ಕುಣೀತಿದೀನಾ?"

"ನೀವು ನೆಟ್ಟಗೆ ನಿಲ್ಲಿ, ಸಾಕು."

ಇಂದು ಲೆಕ್ಕ ಕೂಡಿಬಂದರೆ ನಾಳೆ ಅವನು ತನ್ನ ದಡಕ್ಕೆ ಹೋಗುತ್ತಾನೆ. ಮತ್ತೆ ಕರೆಯಲು ಅವಳಿಗೆ ನೆಪವೇ ಇರುವುದಿಲ್ಲ. ಅದಕ್ಕೇ ಕೊನೆಯ ಅಂಕಿಯನ್ನು ನಿಧಾನವಾಗಿ ಓದಿದಳು. ಅದೇ ಗೇಣು. ಅವಳು ಮೇಲೆ ಹತ್ತಿ, ಗುರುತುಕಲ್ಲಿನ ಪಕ್ಕ ಕುಸಿದು ಕೂತಳು.

"ತಪ್ಪು ಎಲ್ಲಿದೆ ಅಂತ ಗೊತ್ತು," ಅವನು ಮೆಲ್ಲಗೆ ಹೇಳಿದ. "ಸಮುದ್ರದಲ್ಲಿ."

"ಏನು?"

"ವರ್ಷಗಟ್ಟಲೆ ನೀರಿನ ಏರಿಳಿತ ನೋಡಿ, ಸರಾಸರಿ ತೆಗೆದು, ಎತ್ತರ ಅಳೆಯೋಕೆ ಅದನ್ನೇ ಸೊನ್ನೆ ಅಂತಾರಲ್ಲ. ನಿಮ್ಮವರು ಒಂದು ಬಂದರಿನ ಸೊನ್ನೆ ಹಿಡಿದಿದಾರೆ, ನಮ್ಮವರು ಇನ್ನೊಂದು ಬಂದರಿಂದು. ಎರಡು ಕಡೆ ಸಮುದ್ರ ಒಂದೇ ಮಟ್ಟದಲ್ಲಿಲ್ಲ. ನೀವೂ ಸರಿ, ನಾನೂ ಸರಿ. ಒಂದು ಗೇಣು ಹೊಂದಿಸಿದ್ರೆ ಮುಗೀತು."

"ಯಾವಾಗ ಗೊತ್ತಾಯ್ತು?"

ಅವನು ಅಳತೆಕೋಲಿನ ಬುಡದ ಮಣ್ಣು ಕೆರೆದ. "ಹೋದ ಸಲ ಇಳಿಯುವಾಗ."

"ಮತ್ತೆ ಇವತ್ತು ಯಾಕೆ ಹತ್ತಿಸಿದ್ರಿ?"

"ಹೇಳಿದ್ರೆ ಕೆಲಸ ಮುಗೀತಿತ್ತು. ನೀವು ನನ್ನ ನೋಡೋದು ಲೆನ್ಸಿನಿಂದ ಮಾತ್ರ. ಇನ್ನೊಂದ್ಸಲ ನೋಡ್ಲಿ ಅಂತ..."

ಈಗ ಬಂತು ಸಿಟ್ಟು. ಅದರ ಬೆನ್ನಿಗೇ ಕಣ್ಣಲ್ಲಿ ನೀರೂ ಬಂತು.

"ಅದನ್ನ ಕೆಳಗೇ ಹೇಳೋಕೆ ಏನು ಧಾಡಿ? ನನ್ನ ಮೊಣಕಾಲಾದ್ರೂ ಉಳೀತಿತ್ತು!"

"ಹೇಳಿದ್ದಿದ್ರೆ?"

"ಹೂಂ ಅಂತಿದ್ದೆ. ಕೂತಲ್ಲೇ."

ಅವನು ಅಳತೆಕೋಲು ಕೆಳಗಿಟ್ಟ. ಪಕ್ಕದಲ್ಲಿ ಕೂತ. ಅವಳು ದಣಿದ ತಲೆಯನ್ನು ಅವನ ಭುಜಕ್ಕೆ ಆನಿಸಿದಳು. ಅಷ್ಟರಲ್ಲಿ ಅವಳ ಮೇಲಧಿಕಾರಿಯ ಫೋನು.

"ಏನಮ್ಮಾ, ತಪ್ಪು ಸಿಕ್ತಾ?"

"ಸಿಕ್ತು ಸರ್," ಅಂದಳು. "ಪಕ್ಕದಲ್ಲೇ ಕೂತಿದೆ."