ಹೆಂಗಸರ ದಿನ ಎಬ್ಬಿಸಿದ ದಾಳಿಂಬೆ

ಮಾರ್ಚ್ ಎಂಟು, ಬೆಳಿಗ್ಗೆ ಆರೂವರೆ. ಕುವಾ ಊರಿನ ಸಾನೊಬರ್ ಹಿತ್ತಲಿಗೆ ಬಂದಾಗ, ಚಳಿಗೆ ಸಾಯದಿರಲೆಂದು ನವೆಂಬರಿನಲ್ಲಿ ಬಗ್ಗಿಸಿ ಮಣ್ಣಿನಡಿ ಮಲಗಿಸಿದ್ದ ದಾಳಿಂಬೆ ಗಿಡಗಳೆಲ್ಲ ಹೊರಗಿದ್ದವು.

ಗುದ್ದಲಿ ಹಿಡಿದು ನಗುತ್ತ ನಿಂತಿದ್ದವನು ಎಲ್ಮುರೋದ್. ಬೆಚ್ಚಗಿನ ತೆರ್ಮೆಜ್ ಊರಿನಿಂದ ಬಂದು, ಪಕ್ಕದ ಮನೆಯಲ್ಲಿ ತನ್ನ ಚಿಕ್ಕಮ್ಮನ ಜೊತೆ ರೊಟ್ಟಿ ಸುಡುವ ಕೆಲಸ ಮಾಡಿಕೊಂಡಿದ್ದ.

"ಹಬ್ಬದ ಶುಭಾಶಯ ಕಣ್ರೀ! ಹೆಂಗಸರ ದಿನ ಅಲ್ವಾ, ನಿಮ್ಮ ಕೆಲಸ ನಾನೇ ಮುಗಿಸ್ಬಿಟ್ಟೆ!"

"ಮುಗಿಸಿದ್ದು ನನ್ನ ಗಿಡಾನ! ಮಾರ್ಚ್ ಕೊನೆಗಿಂತ ಮುಂಚೆ ಇಲ್ಲಿ ಯಾರಾದ್ರೂ ದಾಳಿಂಬೆ ಎಬ್ಬಿಸ್ತಾರೇನ್ರೀ?"

"ನಮ್ಮೂರಲ್ಲಿ ಇಷ್ಟೊತ್ತಿಗೆ ಚಿಗುರಿರ್ತವೆ..."

"ಹಾಗಾದ್ರೆ ನಿಮ್ಮೂರಿಗೇ ಹೋಗಿ! ಇವತ್ತು ರಾತ್ರಿ ನೀರು ಹೆಪ್ಪುಗಟ್ಟತ್ತಂತೆ!"

ಅವನ ನಗು ಮಾಯವಾಯಿತು.

ಅಳು ಬರಲಿಲ್ಲ ಅವಳಿಗೆ, ರೋಸಿ ಹೋಗಿತ್ತು. ಹೋದ ವರ್ಷ ಹಿಮಕ್ಕೆ ಸಿಕ್ಕಿ ಒಂದು ಹಣ್ಣೂ ಬಂದಿರಲಿಲ್ಲ. ಈ ಸಲವೂ ಹಾಗಾದರೆ ಅಪ್ಪ ನೆಟ್ಟ ಗಿಡಗಳನ್ನು ಕಿತ್ತು ಸ್ಟ್ರಾಬೆರಿ ಹಾಕುತ್ತೇನೆಂದು ಅಣ್ಣ ಹೇಳಿಬಿಟ್ಟಿದ್ದ.

'ಅಣ್ಣನೇ ಇವನನ್ನು ಕಳಿಸಿದನೇ?'

"ನಿಜ ಹೇಳಿ. ಅಣ್ಣ ಹೇಳಿಕೊಟ್ನಾ?"

ಅವನು ಮೊದಲ ಗಿಡದ ಮುಂದೆ ಮಂಡಿಯೂರಿದ. "ಯಾವ ಕಡೆ ಬಗ್ಗಿಸ್ಬೇಕು?"

"ಮೊದಲು ಮಲಗಿದ್ದ ಕಡೆಗೇ. ಮೆಲ್ಲಗೆ!"

ಟಪ್ ಎಂದು ಕೊಂಬೆ ಮುರಿಯಿತು.

"ಮೆಲ್ಲಗೆ ಅಂದ್ರೆ ಇದೇನಾ?" ಅವಳು ಗುದ್ದಲಿ ಕಿತ್ತುಕೊಂಡಳು.

ಗೋಡೆಯಾಚೆಯಿಂದ ಚಿಕ್ಕಮ್ಮ ಇಣುಕಿದಳು. "ಹೆಂಗಸರ ದಿನ ಹುಡುಗಿ ಕೈಗೆ ಗುದ್ದಲಿ ಕೊಟ್ಟೆಯೇನೋ? ಭೇಷ್ ಕಣಪ್ಪಾ!"

ಸಂಜೆಯವರೆಗೂ ಅವನು ಗಿಡಗಳನ್ನು ಎದೆಯಿಂದ ಒತ್ತಿ ಮಲಗಿಸಿದ, ಅವಳು ಮಣ್ಣು ಎಳೆದಳು. ಅವನ ಕೈ ತುಂಬ ಮುಳ್ಳಿನ ಗೀರು.

"ಅಣ್ಣ ಹೇಳಿಲ್ಲ," ಎಂದ ಕೊನೆಗೆ. "'ಹೂಳು, ಅಗಿ, ಹೂಳು, ಅಗಿ... ಒಬ್ಬಳೇ ಎಷ್ಟೂಂತ ಮಾಡ್ಲಿ' ಅಂತ ನೀವು ಗೊಣಗೋದು ಗೋಡೆಯಾಚೆ ಕೇಳ್ತಿತ್ತು."

ಸಾನೊಬರ್‌ಳ ಗುದ್ದಲಿ ನಿಂತಿತು. "ಬಂದು ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಬೇಡ ಅಂತಿದ್ರಿ."

"ಅಂತಿದ್ದೆ."

"ಈಗ ಕೇಳ್ತೀನಿ. ನವೆಂಬರಿಗೆ ಬರ್ಲಾ...? ಪ್ರತಿ ನವೆಂಬರಿಗೂ?"

ಸಿಟ್ಟು ಇನ್ನೂ ಇತ್ತು. ಆದರೂ ಯಾಕೋ ಎದೆ ಹಗುರ!

"ನಾನು ಹೇಳೋವರೆಗೂ ಗುದ್ದಲಿ ಮುಟ್ಟಬಾರದು."

"ಅಂದ್ರೆ... ಹೂಂ ಅಂತಾನಾ?"

"ಹೂಂ. ಬೇಗ ಮಣ್ಣು ಎಳೀರಿ, ಕತ್ತಲಾಗ್ತಿದೆ."

ಆ ರಾತ್ರಿ ಕಾಲುವೆಯ ನೀರು ಹೆಪ್ಪುಗಟ್ಟಿತು. ಮಾರ್ಚ್ ಕೊನೆಯಲ್ಲಿ ಇಬ್ಬರೂ ಸೇರಿ ಮಣ್ಣು ಬಿಡಿಸಿದಾಗ ಎರಡು ಗಿಡ ಸತ್ತಿದ್ದವು, ಉಳಿದವು ಬದುಕಿದ್ದವು. ಅಕ್ಟೋಬರಿನಲ್ಲಿ ಹಣ್ಣು ಕೊಯ್ದ ಮೇಲೆ, ಗಿಡ ಹೂಳುವ ಮೊದಲು, ಅವರ ಮದುವೆಯಾಯಿತು.